ಇನ್ನಾಸಪ್ಪ ಗುಡೀಲಿ ಮಾಡಿದ ಪ್ರಾರ್ಥನೆ

ಸುಳ್ಳಾಡಿದ್ರೆ ನನ್ ನಾಲ್ಗೆ ಬಿದ್ದೋಗ್ಲಿ, ಸಂತ ಅಂತೋಣಪ್ಪನವರ ಆಣೆ, ಇದು ನಮ್ಮೂರ ಗುಡೀಲಿ, ಅದೇ ಚರ್ಚಲ್ಲಿ, ನಡೆದದ್ದೇ. ಆಗ ಮೈಕಿಲ್ಲ, ಬೆಂಚಿಲ್ಲ, ಚಾಪೆ ಮೇಲೆ ಕೂರ್ತಿದ್ವಿ. ಗುಡಿ ಗಂಟೇನ ಒಂದೇ ಕೈಲಿ ಹೊಡೀತಿದ್ದೋನು ನಾನು, ಈ ಚೌರಪ್ಪ ಒಬ್ನೇ, ತಿಳ್ಕೊಳ್ಳಿ!

ನಮ್ ಪಕ್ಕದ್ಮನೆ ಜಪಮಾಲಮ್ಮಂಗೆ ಒಬ್ನೇ ಮಗ, ಇನ್ನಾಸಪ್ಪ. ಹೇಳಿದ್ದು ಹೇಳ್ದಂಗೇ ಮಾಡೋ ಪೆದ್ದ. ಅವ್ವ ದಿನಾ ತಲೆ ಚಚ್ಕೊಳ್ಳೋಳು. ಹೆಂಗೋ ಸಂದ್ಯಾಗಪ್ಪನ ಮಗಳು ಆರೋಗ್ಯಮ್ಮನ್ನ ಗೊತ್ತು ಮಾಡಿದ್ಲು. ನಮ್ಮಲ್ಲಿ ಮದ್ವೆಗೆ ಮುಂಚೆ ಮೂರು ಭಾನ್ವಾರ ಗುಡೀಲಿ ಪಾದ್ರಿ ಸ್ವಾಮೇರು ಗಂಡು ಹೆಣ್ಣಿನ ಹೆಸ್ರು ಕೂಗ್ತಾರೆ. ಕೂಗಿದಾಗ ಗಂಡು ಎದ್ದು ಸ್ವಂತ ಮಾತಲ್ಲಿ ಪ್ರಾರ್ಥನೆ ಹೇಳ್ಬೇಕು. ಜನ ಎಲ್ಲ, "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಅನ್ಬೇಕು. ನಮ್ಮೂರ ಕಟ್ಟಳೆ ಅದು.

"ಏನ್ ಹೇಳ್ಲಿ ಅವ್ವಾ?"

"ಮನಸಲ್ಲಿರೋದೆಲ್ಲ ದೇವ್ರಿಗೆ ಹೇಳ್ಬಿಡು ಮಗಾ. ಏನೂ ಮುಚ್ಚಿಡ್ಬೇಡ."

ಮೊದಲ್ನೇ ಭಾನ್ವಾರ ಎದ್ದ. "ಪ್ರಭುವೇ, ಸ್ವಾಮೇರ ಪ್ರಸಂಗ ಬಲೇ ಉದ್ದ, ನಿದ್ದೆ ಬತ್ತದೆ. ನಮ್ ಮಾವ ಸಂದ್ಯಾಗಪ್ಪ ಕಡು ಜಿಪುಣ ಅಂತಾಳೆ ನಮ್ಮವ್ವ!"

ಜನ ಅಂದ್ರು, "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ!"

ಮನೆಗೆ ಬಂದು ಅವ್ವ ಪೊರಕೆ ತಗೊಂಡ್ಲು. "ಮೂದೇವಿ! ಬಾಯ್ಬಿಡ್ಬೇಡ! ಕಣ್ ಮುಚ್ಕೊಂಡು ಸುಮ್ನೆ ನಿಂತ್ಕೊ, ದೇವ್ರು ಉತ್ರ ಕೊಡೋಗಂಟ ಕಾಯಿ!"

"ಆಗ್ಲವ್ವಾ!"

ಎರಡ್ನೇ ಭಾನ್ವಾರ ಎದ್ದ. ಕಣ್ ಮುಚ್ದ. ನಿಂತ. ನಿಂತ. ನಿಂತೇ ನಿಂತ! ಸ್ವಾಮೇರು ಕೆಮ್ಮಿದ್ರು. ಕೂಸುಗಳು ಅತ್ವು. ಮನೆಗಳಲ್ಲಿ ಒಲೆ ಮೇಲಿನ ಸಾರು ಸೀದೋಯ್ತು. ಸಂದ್ಯಾಗಪ್ಪನಿಗೆ ತಡೀಲಿಲ್ಲ. "ಕೂತ್ಕೊಳ್ಳೋ ಕತ್ತೇ!" ಅಂತ ಗುಡುಗಿದ.

ಇನ್ನಾಸಪ್ಪ ಕಣ್ಬಿಟ್ಟು, "ಅವ್ವಾ! ದೇವ್ರು ಉತ್ರ ಕೊಟ್ಟ! ದನಿ ಥೇಟ್ ನಮ್ ಮಾವಂದೇ!" ಅಂದ.

ಸಂದ್ಯಾಗಪ್ಪ ಗುಡಿ ಬಾಗ್ಲಲ್ಲೇ ಹೇಳ್ಬಿಟ್ಟ. "ಜಪಮಾಲಮ್ಮಾ, ಇನ್ನೊಂದೇ ಭಾನ್ವಾರ. ಕೆಡ್ಸಿದ್ರೆ ನನ್ ಮಗಳಿಲ್ಲ."

ಅವ್ವ ಕಣ್ಣೀರ್ ಹಾಕ್ಕೊಂಡ್ಲು. "ಅಯ್ಯೋ ಮಗಾ, ನಾನ್ ಸತ್ರೆ ನಿಂಗ್ಯಾರೋ ಗಂಜಿ ಕಾಯ್ಸೋರು? ಕೇಳು, ನಿಂಗೇಂತ ಏನೂ ಬೇಡ್ಕೋಬೇಡ. ಪಕ್ಕದಲ್ಲಿರೋರಿಗೆ ಒಳ್ಳೇದಾಗ್ಲೀಂತ ಬೇಡ್ಕೊ. ಅದ್ಕೆ ದೇವ್ರು ಮೆಚ್ತಾನೆ."

ಮೂರ್ನೇ ಭಾನ್ವಾರ. ಇನ್ನಾಸಪ್ಪ ಎದ್ದ. ಪಕ್ಕಕ್ಕೆ ನೋಡ್ದ. ಪಕ್ಕದಲ್ಲಿದ್ದೋನು ನಾನು!

"ಪ್ರಭುವೇ, ನಂಗೇನೂ ಬೇಡ. ಆರೋಗ್ಯಮ್ಮನ್ನ ಈ ಚೌರಪ್ಪಂಗೆ ಕೊಟ್ಬಿಡಪ್ಪಾ. ಪಾಪ, ಇವ್ನಿಗೂ ಯಾರೂ ಹೆಣ್ ಕೊಡ್ತಿಲ್ಲ!"

ಜನಕ್ಕೆ ಬಾಯಿ ರೂಢಿ. ಯೋಚ್ನೆ ಮಾಡೋಕ್ಮುಂಚೇನೆ ಎಲ್ರೂ ಅಂದ್ಬಿಟ್ರು, "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ!"

ಹೆಂಗಸ್ರ ಕಡೆಯಿಂದ ಒಂದು ದನಿ ಎಲ್ರಿಗಿಂತ ಜೋರಾಗಿತ್ತು. ತಿರುಗಿ ನೋಡ್ತೀನಿ, ಆರೋಗ್ಯಮ್ಮ! ಸೆರಗು ಬಾಯಿಗಿಟ್ಕೊಂಡು ನಗ್ತಾವ್ಳೆ. ಸಂದ್ಯಾಗಪ್ಪ ಮಗಳ್ನ ನೋಡ್ದ, ನನ್ ತೋಳು ನೋಡ್ದ, "ದೇವ್ರ ಚಿತ್ತ" ಅಂದ.

ಈಗ ಗುಡೀಲಿ ಮೈಕೈತೆ, ಪುಸ್ತಕ ನೋಡ್ಕೊಂಡು ಓದ್ತಾರೆ. ನನ್ ಆರೋಗ್ಯಮ್ಮನೂ ಇಲ್ಲ. ಆದ್ರೂ ಜನ "ಆಲಿಸಿರಿ" ಅಂದಾಗೆಲ್ಲ ನನ್ ಕಿವಿ ಹೆಂಗಸ್ರ ಕಡೆಗೇ ಹೋಯ್ತದೆ.

ಅವತ್ತು ಜಪಮಾಲಮ್ಮ ಮಾತ್ರ ಬಿಡ್ಲಿಲ್ಲ. ಗುಡಿ ಮುಂದೇನೆ ನನ್ ಅಂಗಿ ಹಿಡ್ಕೊಂಡ್ಲು. "ಲೋ ಚೌರಾ, ನಿನ್ ಮದ್ವೇಗೆ ನಾನ್ಯಾಕೋ ಕುರಿ ಕೊಡ್ಲಿ? ನನ್ ಮಗನ ಮದ್ವೇಗೇಂತ ತಂದಿಟ್ಟ ಅಕ್ಕಿ, ಕುರಿ, ಸೀರೆ, ತಾಳಿ, ಎಲ್ಲಾದ್ರ ದುಡ್ಡೂ ಇಲ್ಲೇ ಮಡಗು!" ಪಕ್ಕದಲ್ಲಿ ನಿಂತ್ಕೊಂಡು ಇನ್ನಾಸಪ್ಪ, "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ!" ಅಂದ. ಸೊಂಟದ ಚೀಲ ಬಿಚ್ಚಿ ಎಣಿಸ್ಕೊಟ್ಟೆ ಕಣ್ರಪ್ಪಾ, ನೂರಾ ಹದಿನೇಳು ರೂಪಾಯಿ ನಾಕಾಣೆ.