ತೊಟ್ಟಿ ತುಳಿಯುವ ವಾಕರ್ ಮನೆತನ

"ಕೇಳಿರಿ, ಕೇಳಿರಿ! ರಾಜಕುಮಾರಿ ಎಡಿತ್ ಮೂರು ಒಗಟು ಕೇಳುತ್ತಾಳೆ. ಮೂರಕ್ಕೂ ಉತ್ತರ ಒಂದೇ ಮನೆತನದ ಹೆಸರು. ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವನ ತಲೆಗೆ ಮರುದಿನ ಬೆಳಿಗ್ಗೆ ಕೊಡಲಿಯೇಟು!" ಎಂದು ಇಂಗ್ಲಿಷರ ಸೀಮೆಯ ಒಂದು ರಾಜ್ಯದಲ್ಲಿ ಡಂಗುರ ಸಾರಿದರು.

ರಾಜಕುಮಾರಿಯ ಕೈಹಿಡಿಯುವ ಆಸೆಯಿಂದ ದೊಡ್ಡ ದೊಡ್ಡ ಪ್ರಭುಗಳು ಓಡೋಡಿ ಬಂದರು. ಎಡಿತ್ ಕೇಳಿದಳು: "ಬದುಕಿಡೀ ನಡೆದವನೊಬ್ಬ, ನಿಂತ ಜಾಗದಿಂದ ಗೇಣುದ್ದವೂ ಕದಲಲಿಲ್ಲ. ಕಲ್ಲೊಂದನ್ನೂ ಇಡದೆ ನೂರು ಸಂಸಾರಕ್ಕೆ ಸೂರು ಕೊಟ್ಟವಳೊಬ್ಬಳು. ಅರಸನ ಸೊತ್ತನ್ನು ಕಾಲಲ್ಲಿ ತುಳಿದು ಅರಸನಿಂದಲೇ ಶಹಬ್ಬಾಸ್ ಅನ್ನಿಸಿಕೊಂಡವನೊಬ್ಬ. ಯಾವ ಮನೆತನ?"

"ಇದೇನು ಕೇಳುವ ಮಾತೇ? ಬ್ರೆಂಥಮ್!" ಎಂದ ಲಾರ್ಡ್ ಬ್ರೆಂಥಮ್, ಮೀಸೆ ತಿರುವುತ್ತ. ಲಾರ್ಡ್ ಹಾಲ್ವಿನ್ ಮುಂದೆ ಬಂದು "ಹಾಲ್ವಿನ್!" ಎಂದ. ಪಾಪ, ತಮ್ಮ ಹೆಸರು ಬಿಟ್ಟು ಇನ್ನೊಬ್ಬರದನ್ನು ಹೇಳಿ ಆ ದೊಡ್ಡವರಿಗೆ ಅಭ್ಯಾಸವೇ ಇರಲಿಲ್ಲ! ಹೀಗೆ ಹನ್ನೊಂದು ಜನ ತಮ್ಮ ತಮ್ಮ ಹೆಸರು ಹೇಳಿ ಸೆರೆಮನೆ ಸೇರಿದರು.

ಅರಮನೆಗೆ ಉಣ್ಣೆಬಟ್ಟೆ ಹೊತ್ತು ತಂದಿದ್ದ ಹಾಬ್ ಎಂಬ ಯುವಕ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ಅವನ ಮೈ ಉರಿಯಿತು. ನಮ್ಮಜ್ಜಿ ಮಾಡಿದ್ದಕ್ಕೆ ಇವರ ಹೆಸರೇ? ತಲೆ ಹೋದರೆ ಹೋಗಲಿ ಎಂದುಕೊಂಡು ಬರಿಗಾಲಲ್ಲೇ ಒಳಗೆ ನಡೆದ.

"ವಾಕರ್" ಎಂದ.

"ನಿನ್ನ ಹೆಸರೇನಪ್ಪ?" ಅರಸ ಕೇಳಿದ.

"ಹಾಬ್ ವಾಕರ್, ಮಹಾಪ್ರಭು."

ಸಭೆ ಗೊಳ್ಳೆಂದು ನಕ್ಕಿತು. "ಇವನದೂ ಅದೇ ಹಾಡು! ಕೊಡಲಿ ಮಸೆಯಿರಿ" ಎಂದ ಮಂತ್ರಿ.

"ತಾಳಿ" ಎಂದಳು ಎಡಿತ್. "ಹೇಗೆಂದು ಹೇಳು."

"ಉಣ್ಣೆಬಟ್ಟೆಯನ್ನು ತೊಟ್ಟಿಯ ನೀರಲ್ಲಿ ತುಳಿದು ದಪ್ಪ ಮಾಡುವವರು ನಾವು, ತಾಯಿ. ಅದಕ್ಕೇ ಊರು ನಮ್ಮನ್ನು ವಾಕರ್, ಅಂದರೆ ನಡೆಯುವವರು, ಅನ್ನುವುದು. ನಮ್ಮಜ್ಜ ಗಾಡ್‌ಫ್ರೆ ಅರವತ್ತು ವರ್ಷ ಒಂದೇ ತೊಟ್ಟಿಯಲ್ಲಿ ನಡೆದ. ಹೊಳೆ ಊರನ್ನೇ ಕೊಚ್ಚಿಕೊಂಡು ಹೋದ ವರ್ಷ ನಮ್ಮಜ್ಜಿ ಮಾರ್ಜರಿ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಹೊಲಿದು ನೂರು ಡೇರೆ ಹಾಕಿಸಿದಳು. ಮೂರನೆಯವನು ನಮ್ಮಪ್ಪ. ಮಹಾಪ್ರಭು, ನೀವು ಹೊದ್ದಿದ್ದೀರಲ್ಲ ಆ ಮೇಲಂಗಿ, ಅದನ್ನು ಹನ್ನೆರಡು ದಿನ ತುಳಿದವನು ಅವನೇ. ಚಳಿಗೆ ಇದೊಂದೇ ಸಾಕು ಅಂತ ನೀವೇ ಅವನ ಬೆನ್ನು ತಟ್ಟಿದ್ದಿರಿ."

ಅರಸ ಮೇಲಂಗಿಯ ಅಂಚು ಹಿಡಿದು ನೋಡಿದ.

"ಉತ್ತರ ಸರಿ" ಎಂದಳು ಎಡಿತ್. "ಏನು ಬೇಕು, ಕೇಳು."

"ಸೆರೆಯಲ್ಲಿರುವವರ ತಲೆ ಅವರಿಗೇ ಇರಲಿ, ತಾಯಿ. ದೊಡ್ಡ ಮನೆತನದ ಹೆಸರು ಕೂಗಿದಾಗ ಈ ಸಭೆ ಎದ್ದು ನಿಲ್ಲುತ್ತದಂತೆ. ನಮ್ಮದನ್ನೂ ಒಮ್ಮೆ ಕೂಗಿಸಿ. ಆಗ ಆ ಪ್ರಭುಗಳೂ ಸಭೆಯಲ್ಲಿರಲಿ."

ಹನ್ನೊಂದು ಪ್ರಭುಗಳನ್ನು ಕರೆತಂದು ಕೂರಿಸಿದರು. ಹೊಗಳುಭಟ ಎದೆ ತುಂಬ ಉಸಿರೆಳೆದು "ವಾಕರ್!" ಎಂದು ಕೂಗಿದ.

ಎಲ್ಲರಿಗಿಂತ ಮೊದಲು ಎದ್ದು ನಿಂತವನು ಅರಸ.