ಹೆಸರು ಬರೆದ ಜಾಗ

ಸೋಪು ತುಂಬಿ ಬರೋ ಮರದ ಪೆಟ್ಟಿಗೆಗೆ ಚಕ್ರ ಕಟ್ಟಿ, ಅದರಲ್ಲಿ ಕೂತು ಇಳಿಜಾರಿನಲ್ಲಿ ಬಿಡೋ ಪಂದ್ಯ ಗಿರಣಿ ಕಾಲೊನಿಗೆ ಆಗಷ್ಟೇ ಬಂದಿತ್ತು. ಮ್ಯಾನೇಜರ್ ಶೇಷಗಿರಿರಾಯರ ಗಾಡಿ ಮಾಡುವಷ್ಟರಲ್ಲಿ ಬಡಗಿ ವೀರಾಚಾರಿಗೆ ಸಾಕುಸಾಕಾಯಿತು. ಮೆತ್ತೆ ಹಾಕು, ಛತ್ರಿ ಸಿಕ್ಕಿಸು, ಇನ್ನೂ ಎತ್ತರ ಮಾಡು!

“ಸ್ವಾಮಿ, ಇಷ್ಟೆತ್ತರವಾದರೆ ತಿರುವಿನಲ್ಲಿ ಮಗುಚುತ್ತೆ,” ಅಂತ ಮೂರು ಸಲ ಹೇಳಿದ.

“ನಿನ್ನನ್ನು ಯಾರು ಕೇಳಿದರು? ಜನಕ್ಕೆಲ್ಲ ಕಾಣೋ ಹಾಗೆ ನನ್ನ ಹೆಸರು ಬರಿ, ಸಾಕು!”

ವೀರಾಚಾರಿ ಬರೆದ.

ಪಂದ್ಯದ ದಿನ ರಾಯರು ಗಾಡಿಗೆ ಎರಡು ಸುತ್ತು ಬಂದರು. “ಎಲ್ಲಯ್ಯಾ ಹೆಸರು?”

“ಕಾಣುತ್ತೆ, ಹತ್ತಿ ಸ್ವಾಮಿ.”

ಮೊದಲ ತಿರುವಿನಲ್ಲೇ ಗಾಡಿ ಮಗುಚಿತು. ಅದರ ತಳದಲ್ಲಿದ್ದ ದಪ್ಪಕ್ಷರದ ಹೆಸರನ್ನು ಇಡೀ ಕಾಲೊನಿ ಒಟ್ಟಿಗೆ ಓದಿತು.

ರಾಯರು ಬಿದ್ದ ಕೆಸರಿನಿಂದಲೇ ಗುಡುಗಿದರು: “ತಳದಲ್ಲಿ ಯಾಕಯ್ಯಾ ಬರೆದೆ?”

“ಮೇಲೆ ಬರೆದಿದ್ದರೆ ಈಗ ಯಾರಿಗೆ ಕಾಣ್ತಿತ್ತು, ಸ್ವಾಮಿ?”