ಕೂಡದ ಮೂಲೆ

ಹೊಳೆಯ ದಡದಲ್ಲಿ ಸಿದ್ಧಾಚಾರಿಗಳ ಕೆಲಸದ ಕೊಟ್ಟಿಗೆ. ಅಲ್ಲಿ ಅವರು ಮರದ ತಿರುಗುಘನ ಮಾಡುತ್ತಿದ್ದರು. ಜೊತೆಗೆ ಒಬ್ಬನೇ ಶಿಷ್ಯ, ಚೆಲುವಯ್ಯ. ಅವನು ಬಂದು ಆರು ವರ್ಷವಾಗಿತ್ತು.

ತಿರುಗುಘನವೆಂದರೆ ಅಂಗೈ ತುಂಬುವ ಮರದ ಘನ. ಪುಟ್ಟ ಪುಟ್ಟ ತುಂಡುಗಳು ಒಳಗಿನ ಕೊಕ್ಕೆಗಳಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಆರು ಮುಖಕ್ಕೆ ಆರು ಬಣ್ಣದ ಅರಗು. ಯಾವ ಮುಖ ಬೇಕಾದರೂ ತಿರುಗುತ್ತದೆ. ಬಣ್ಣಗಳು ಚೆದುರುವಂತೆ ತಿರುಗಿಸಿ ಕಲಸಿ ಕೊಡುತ್ತಾರೆ. ಪಡೆದವರು ತಿರುಗಿಸಿ ತಿರುಗಿಸಿ ಒಂದೊಂದು ಮುಖಕ್ಕೆ ಒಂದೊಂದೇ ಬಣ್ಣ ಬರುವಂತೆ ಕೂಡಿಸಬೇಕು.

ಆ ಕೊಟ್ಟಿಗೆಯಲ್ಲಿ ಒಂದು ಕಟ್ಟಳೆಯಿತ್ತು. ತುಂಡು ಜೋಡಿಸುವಾಗ ಬಣ್ಣ ಕೂಡಿಸಿಯೇ ಜೋಡಿಸಬೇಕು. ಆಮೇಲೆ ಕೈಯಾರೆ ನೂರೆಂಟು ಸಲ ತಿರುಗಿಸಿ ಕಲಸಬೇಕು. ಹೊಸ ಮರ ಬಿಗಿ. ನೂರೆಂಟು ಮುಗಿಯುವಷ್ಟರಲ್ಲಿ ಮಣಿಕಟ್ಟು ಬಿದ್ದುಹೋಗುತ್ತಿತ್ತು.

ಗೋಡೆಯ ಗೂಡಿನಲ್ಲಿ ಒಂದು ಹಳೆಯ ಘನವಿತ್ತು. ಒಂದು ಮೂಲೆ ಬಿಟ್ಟು ಎಲ್ಲ ಕೂಡಿತ್ತು. ಗುರು ದಿನವೂ ಅದರ ಧೂಳು ಒರೆಸುತ್ತಿದ್ದರು. ಅದು ಯಾರದು ಎಂದು ಚೆಲುವಯ್ಯ ಮೊದಲ ವರ್ಷವೇ ಕೇಳಿದ್ದ.

“ಪಡೆದೋರು ತೀರ್ಕೊಂಡ್ರು. ಮನೆಯೋರು ವಾಪಸ್ ತಂದುಕೊಟ್ರು,” ಎಂದಿದ್ದರು ಗುರು.

ಒಂದು ಮಧ್ಯಾಹ್ನ ಪಕ್ಕದೂರಿನ ರುದ್ರಮ್ಮ ಬಂದಳು. ಪುಟ್ಟಮಲ್ಲಯ್ಯ ಮೇಷ್ಟ್ರ ಮಗಳು. ಮೇಷ್ಟ್ರು ಮೂವತ್ತೆಂಟು ವರ್ಷ ಗಣಿತ ಕಲಿಸಿದವರು. ಪಾರ್ಶ್ವವಾಯು ಹೊಡೆದ ಮೇಲೆ, ಬೆರಳಿಗೂ ತಲೆಗೂ ಕೆಲಸವಿರಲಿ ಎಂದು ಇಲ್ಲಿಂದ ಘನ ತರಿಸಿಕೊಳ್ಳುತ್ತಿದ್ದರು. ಮೂರನ್ನು ಕೂಡಿಸಿದ್ದರು. ರುದ್ರಮ್ಮ ಸೆರಗಿನಿಂದ ತೆಗೆದದ್ದು ನಾಲ್ಕನೆಯದು.

“ತಗೊಳ್ಳಿ ಆಚಾರ್ರೇ. ನಾಲ್ಕು ತಿಂಗಳಾಯ್ತು, ಅಪ್ಪಂಗೆ ಹಗಲೆಲ್ಲಾ ಇದೇ. ಎಲ್ಲಾ ಬರ್ತದೆ, ಒಂದು ಮೂಲೆ ಬರಲ್ಲ. ನನ್ನ ತಲೆ ಹೋಯ್ತು ಕಣಮ್ಮ ಅಂತಾರೆ. ಪುಸ್ತಕ ಎಲ್ಲಾ ಸ್ಕೂಲಿಗೆ ಕೊಟ್ಬಿಟ್ರು. ಮೊನ್ನೆಯಿಂದ ಮಾತ್ರೆನೂ ನುಂಗ್ತಿಲ್ಲ. ಬುದ್ಧಿ ಹೋದ್ಮೇಲೆ ಮೈ ಇಟ್ಕೊಂಡು ಏನ್ ಮಾಡ್ಲಿ ಅಂತಾರೆ.”

ಗುರು ಘನವನ್ನು ತಿರುವಿ ನೋಡಿದರು. ಆ ಮೂಲೆಯ ಮೇಲೆ ಅವರ ಹೆಬ್ಬೆರಳು ನಿಂತಿತು. ರುದ್ರಮ್ಮನಿಗೆ ಮಜ್ಜಿಗೆ ಕೊಟ್ಟು ನೆರಳಿನಲ್ಲಿ ಕೂರಿಸಿ, ಶಿಷ್ಯನನ್ನು ಒಳಗೆ ಕರೆದರು.

“ಇದನ್ನ ಎಷ್ಟು ಸಲ ತಿರುಗಿಸಿ ಕಲಸಿದೆ?”

ಚೆಲುವಯ್ಯನಿಗೆ ಗುರುತು ಸಿಕ್ಕಿತು. ಅದನ್ನು ಮಾಡಿದ ವಾರ ಹನ್ನೆರಡು ಘನ ಮುಗಿಸಬೇಕಿತ್ತು. ಕೈ ಊದಿಕೊಂಡಿತ್ತು. ಕೊನೆಯದರ ಹೊತ್ತಿಗೆ ಸಾಕುಸಾಕಾಗಿ, ತುಂಡುಗಳನ್ನು ಸಿಕ್ಕಸಿಕ್ಕಂತೆ ಜೋಡಿಸಿಬಿಟ್ಟಿದ್ದ. ಬಣ್ಣ ತಾನಾಗಿಯೇ ಕಲಸಿಹೋಗಿತ್ತು, ಇನ್ನು ತಿರುಗಿಸುವುದೇಕೆ? ದಣಿದವನಿಗೆ ಇಂಥ ಬುದ್ಧಿ ಬಲು ಬೇಗ ಹೊಳೆಯುತ್ತದೆ.

“ಒಂದು ಸಲಾನೂ ಇಲ್ಲ,” ಎಂದ.

“ಕೂಡಿಸು.”

“ಕೂಡಲ್ಲ ಗುರುಗಳೇ. ಮೂಲೆ ತುಂಡನ್ನೇ ತಿರುಚಿ ಕೂರಿಸಿದೀನಿ. ಜನ್ಮವಿಡೀ ತಿರುಗಿಸಿದ್ರೂ ಕೂಡಲ್ಲ. ಬಿಚ್ಚಬೇಕು.”

“ಅದು ನಿಂಗೆ ಗೊತ್ತು. ಮೇಷ್ಟ್ರಿಗೆ ಗೊತ್ತಿರಲಿಲ್ಲ.”

ಚೆಲುವಯ್ಯನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆಮೇಲೆ ಒಂದು ದಾರಿ ಹೊಳೆಯಿತು.

“ಬಿಚ್ಚಿ ಸರಿಯಾಗಿ ಕೂರಿಸಿ, ತಿರುಗಿಸಿ ಕಲಸಿ ಕೊಡ್ತೀನಿ. ರುದ್ರಮ್ಮನ ಕೈಲೇ ಕಳಿಸೋಣ. ಈ ಸಲ ಕೂಡುತ್ತೆ. ಮೇಷ್ಟ್ರು ಹಿಗ್ಗಿಹೋಗ್ತಾರೆ.”

“ಮತ್ತೆ ಆ ನಾಲ್ಕು ತಿಂಗಳು?”

ಚೆಲುವಯ್ಯ ಹೊರಗಿನ ಬಿಸಿಲಿನತ್ತ ನೋಡಿದ.

“ಹಾಗಾದ್ರೆ ನಾನೇ ಹೋಗಿ ಹೇಳ್ತೀನಿ. ನಾಳೆ ಬೆಳಗ್ಗೆ. ಇವತ್ತು ಬಿಸಿಲು ಜೋರು, ನಿಮಗೂ ಮಂಡಿ ನೋವು...”

ಗುರು ಆಗಲೇ ಚಪ್ಪಲಿ ಮೆಟ್ಟಿದ್ದರು.

ಮೂವರೂ ಎರಡು ಮೈಲಿ ನಡೆದರು. ದಾರಿಯಲ್ಲಿ ಗುರು ಎರಡು ಕಡೆ ಕೂತು ದಣಿವಾರಿಸಿಕೊಂಡರು.

ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಚೆಲುವಯ್ಯ ಮಂಚದ ಪಕ್ಕ ನೆಲದ ಮೇಲೆ ಕೂತ.

“ಮೇಷ್ಟ್ರೇ, ಇದು ಕೂಡೋ ಘನ ಅಲ್ಲ. ಕಲಸೋಕೆ ಬೇಜಾರಾಗಿ ತಪ್ಪಾಗಿ ಜೋಡಿಸ್ಬಿಟ್ಟೆ. ಕೆಟ್ಟಿದ್ದು ನನ್ನ ಕೆಲಸ. ನಿಮ್ಮ ತಲೆ ಅಲ್ಲ.”

ಮೇಷ್ಟ್ರು ನಿಧಾನವಾಗಿ ಈ ಕಡೆ ಹೊರಳಿದರು.

“ಬಿಚ್ಚು. ನೋಡ್ತೀನಿ.”

ಚೆಲುವಯ್ಯ ಮುಖವನ್ನು ಓರೆಯಾಗಿ ತಿರುಗಿಸಿ, ಜೊತೆಗೆ ತಂದಿದ್ದ ಉಳಿಯ ತುದಿಯಿಂದ ಅಂಚಿನ ತುಂಡು ಎಬ್ಬಿಸಿದ. ಮೂಲೆಯನ್ನು ಹೊರತೆಗೆದು, ತಿರುವಿ, ಎರಡನ್ನೂ ಮತ್ತೆ ಒತ್ತಿ, ಮುಖವನ್ನು ನೇರ ಮಾಡಿದ. ಆರೂ ಬಣ್ಣ ಕೂಡಿದವು.

“ಅಂದ್ರೆ, ಮಿಕ್ಕಿದ್ದೆಲ್ಲಾ ನಾನು ಸರಿಯಾಗೇ ಮಾಡಿದ್ನಾ?”

“ಹೂಂ ಮೇಷ್ಟ್ರೇ. ನೀವು ಯಾವತ್ತೋ ಮುಗಿಸಿದ್ರಿ.”

ಮೇಷ್ಟ್ರು ಅತ್ತರು. ಅತ್ತಾದ ಮೇಲೆ ಬೈದರು. ಕತ್ತೆ ಎಂದರು, ದಂಡಪಿಂಡ ಎಂದರು, ಮೂವತ್ತೆಂಟು ವರ್ಷ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಗಂಟಲು ಒಂದಿಷ್ಟೂ ಸೋತಿರಲಿಲ್ಲ. ಚೆಲುವಯ್ಯ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಬೈದು ಬೈದು ಸುಸ್ತಾದ ಮೇಲೆ ಮೇಷ್ಟ್ರು ಮಗಳನ್ನು ಕೂಗಿದರು.

“ರುದ್ರಾ, ಮಾತ್ರೆ ಎಲ್ಲಿಟ್ಟಿದೀಯಮ್ಮ?”

ಹಿಂದಿರುಗುವಾಗ ಬಿಸಿಲು ಇಳಿದಿತ್ತು. ಗುರು ಮುಂದೆ ಕುಂಟುತ್ತಿದ್ದರು, ಶಿಷ್ಯ ಹಿಂದೆ. ಹೊಳೆ ಕಾಣಿಸಿದಾಗ ಚೆಲುವಯ್ಯ ಕೇಳಿದ.

“ಗುರುಗಳೇ, ನಮ್ಮ ಗೂಡಿನಲ್ಲಿರೋ ಘನದಲ್ಲೂ ಒಂದೇ ಮೂಲೆ ಅಲ್ವಾ ತಪ್ಪಿರೋದು?”

“ಹೂಂ.”

“ಅದನ್ನ ಯಾರು ಮಾಡಿದ್ದು?”

ಗುರು ನಿಂತರು. ಮಂಡಿ ಹಿಡಿದುಕೊಂಡು ದಡದ ಕಲ್ಲಿನ ಮೇಲೆ ಕೂತರು.

“ನಾನೇ,” ಎಂದರು. “ಅವತ್ತೂ ಬಿಸಿಲು ಜೋರಾಗಿತ್ತು. ನಾಳೆ ಹೋಗಿ ಹೇಳೋಣ ಅಂದ್ಕೊಂಡೆ.”